ನಿನ್ನ ಪ್ರೇತ ವಿಪರೀತ ಮಾತಾಡುತ್ತದೆ

ದಾವಣಗೆರೆ

ಪ್ರೀತಿಯ ತಂಗೀ,

ಚಳ್ಳಕೆರೆಯಿಂದ ನೀನು ಕಳಿಸಿದ ನಾಟಕವನ್ನು ಎರಡು ಸಲ ಓದಿದೆ. ಕಾಗದದ ಕೊನೆಗೆ ‘ಪ್ರೇತ ಬಂದಾಗ ಜನ ನಕ್ಕುಬಿಟ್ಟರು, ಇನ್ನು ಬರೆಯೋದಿಲ್ಲ’ ಅಂದಿದ್ದೀಯಲ್ಲ, ಆ ಸಾಲನ್ನು ಹೊಡೆದುಹಾಕು. ಕಾಗುಣಿತ, ಸೀನರಿ, ಪಾತ್ರಗಳ ಸಂಖ್ಯೆ ಎಲ್ಲ ತಾಲೀಮಿನಲ್ಲಿ ಸರಿಹೋಗುತ್ತವೆ. ನನ್ನ ತಕರಾರು ಪ್ರೇತದ್ದು ಮಾತ್ರ.

ನಿನ್ನ ಪಾಳೆಯಗಾರನ ಪ್ರೇತ ಮೊದಲ ದೃಶ್ಯದಲ್ಲೇ ಕೋಟೆಯ ಬತೇರಿ ಮೇಲೆ ನಿಂತು ಕೊಂದವನು ಯಾರು, ವಿಷ ಬೆರೆಸಿದ್ದು ಯಾವುದರಲ್ಲಿ, ಸಾಕ್ಷಿ ಎಲ್ಲಿದೆ ಅಂತ ಅರವತ್ತು ಸಾಲು ಹೇಳುತ್ತದೆ. ಮಗ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಎರಡನೇ ದೃಶ್ಯದಲ್ಲೇ ಚಿಕ್ಕಪ್ಪನ ಕತ್ತು ಕತ್ತರಿಸಲು ಅಡ್ಡಿ ಏನು? ಏನೂ ಇಲ್ಲ. ಜನ ನಕ್ಕಿದ್ದು ದೆವ್ವದ ವೇಷಕ್ಕಲ್ಲ ತಂಗೀ, ಕಾರಣವಿಲ್ಲದೆ ನಾಲ್ಕು ಅಂಕ ಕಾಯುವ ಮಗನಿಗೆ.

ನಮ್ಮ ಕಡೆ ಸತ್ತವರು ಯಾರದಾದರೂ ಮೈಮೇಲೆ ಬಂದರೆ ಮನೆಯವರು ಮೊದಲು ಕೇಳುವುದು ‘ನೀನು ಯಾರು?’ ಅಂತ. ಆಮೇಲೆ ‘ಏನು ಬೇಕು?’ ಅಂತ. ನಿನ್ನ ನಾಯಕ ಮೊದಲನೆಯದನ್ನು ಕೇಳುವುದೇ ಇಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಡೆಯುವುದೇ ಆ ಪ್ರಶ್ನೆಯಿಂದ. ಅದೂ ಅಪ್ಪನನ್ನು ಕೊಂದು ರಾಜನಾದ ಚಿಕ್ಕಪ್ಪನ ಮೇಲೆ ಮಗ ಸೇಡು ತೀರಿಸುವ ಕಥೆಯೇ. ಅಲ್ಲಿ ಪ್ರೇತ ಮೊದಲ ದೃಶ್ಯದಲ್ಲಿ ಎರಡು ಸಲ ಬರುತ್ತದೆ, ತುಟಿ ಬಿಚ್ಚುವುದಿಲ್ಲ, ಕೋಳಿ ಕೂಗಿದೊಡನೆ ಹೋಗುತ್ತದೆ. ಬಾಯಿ ತೆರೆಯುವುದು ಐದನೇ ದೃಶ್ಯದಲ್ಲಿ, ಮಗನೊಬ್ಬನ ಮುಂದೆ. ಪ್ರೇತವನ್ನು ಕಾವಲುಗಾರರೂ ಗೆಳೆಯನೂ ಕಂಡಿದ್ದಾರೆ, ಆದ್ದರಿಂದ ಅದು ಬರೀ ಭ್ರಮೆಯಲ್ಲ. ಆದರೆ ಕೊಲೆಯ ಕಥೆ ಕೇಳಿದವನು ಇವನೊಬ್ಬನೇ, ಇನ್ನೊಬ್ಬರ ಸಾಕ್ಷಿ ಇಲ್ಲ. ಜೊತೆಗೆ ಒಂದು ಕಟ್ಟಳೆ: ಸೇಡು ತೀರಿಸು, ತಾಯಿಯ ತಂಟೆಗೆ ಹೋಗಬೇಡ. ‘ಇದು ಅಪ್ಪನೋ, ಅಪ್ಪನ ರೂಪದ ಪಿಶಾಚಿಯೋ’ ಎಂಬ ಅನುಮಾನ ಹುಟ್ಟಿದ್ದರಿಂದಲೇ ಅವನು ಅರಮನೆಯಲ್ಲಿ ಅಂಥದೇ ಕೊಲೆಯ ನಾಟಕ ಆಡಿಸುತ್ತಾನೆ. ರಾಜ ಬೆಚ್ಚುತ್ತಾನೆ. ಮಗನಿಗೆ ಖಾತ್ರಿಯಾದ ಗಳಿಗೆಯಲ್ಲೇ ರಾಜನೂ ಎಚ್ಚರಗೊಳ್ಳುತ್ತಾನೆ. ಮುಂದೆ ಪರದೆ ಹಿಂದೆ ಇದ್ದ ಬೇರೊಬ್ಬ ಮುದುಕ ಸಾಯುತ್ತಾನೆ, ಅವನ ಮಗ ತನ್ನ ಸೇಡು ಹಿಡಿದು ಬರುತ್ತಾನೆ. ನೋಡು, ಒಂದು ಅನುಮಾನ ಎಷ್ಟು ದೂರ ಎಳೆಯಿತು!

ಷೇಕ್ಸ್‌ಪಿಯರನ ಕಾಲದ ಇನ್ನೊಬ್ಬ ಇಂಗ್ಲಿಷ್ ನಾಟಕಕಾರ ಕಿಡ್ ಬರೆದ ‘ಸ್ಪ್ಯಾನಿಷ್ ಟ್ರ್ಯಾಜಿಡಿ’ಯ ಪ್ರೇತ ಬೇರೆ ಜಾತಿಯದು. ‘ಸೇಡು’ ಎಂಬ ಹೆಸರಿನ ಪಾತ್ರದ ಜೊತೆ ಕೂತು ನೋಡುತ್ತದೆ, ತಡವಾಯಿತೆಂದು ಸಿಡಿಮಿಡಿಗೊಳ್ಳುತ್ತದೆ, ಯಾರ ಕಿವಿಗೂ ಏನೂ ಊದುವುದಿಲ್ಲ. ಮಗನನ್ನು ಕಳೆದುಕೊಂಡ ಅಪ್ಪನಿಗೆ ಸುಳಿವು ಸಿಗುವುದು ರಕ್ತದಲ್ಲಿ ಬರೆದ ಓಲೆಯಿಂದ. ಅವನೂ ಅದನ್ನು ಕೂಡಲೇ ನಂಬುವುದಿಲ್ಲ, ಇನ್ನೊಂದು ಓಲೆ ಕೈಸೇರುವ ತನಕ ಕಾಯುತ್ತಾನೆ. ನಿನಗೆ ಇದು ಬೇಡ. ಕೋಟೆ, ದಾಯಾದಿ ಜಗಳ, ವಿಧವೆ ರಾಣಿ ಇರುವ ಕಥೆಗೆ ಮೊದಲನೆಯದೇ ಒಗ್ಗುತ್ತದೆ. ಕುವೆಂಪು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೇ ತಂದರಲ್ಲ.

ಈಗ ಕತ್ತರಿ ಹಿಡಿ. ಅರವತ್ತು ಸಾಲಿನಲ್ಲಿ ಹನ್ನೆರಡು ಉಳಿಸು. ಮೊದಲ ಸಲ ಪ್ರೇತ ಬರೀ ಕಾಣಿಸಲಿ, ಕಾವಲಿನವರು ನೋಡಲಿ. ಸಾಕ್ಷಿಯ ಜಾಗ ಹೇಳುವ ಮಾತು ಪೂರ್ತಿ ಹೋಗಲಿ, ಅದನ್ನು ಹುಡುಕುವುದು ಮಗನ ಕೆಲಸ. ಪ್ರೇತದ ಅಪ್ಪಣೆಯಲ್ಲಿ ಅವನು ಪಾಲಿಸಲು ಒದ್ದಾಡುವ ಒಂದು ಷರತ್ತು ಇರಲಿ. ನಿನ್ನ ಕಥೆಯಲ್ಲಿ ಆ ಷರತ್ತು ಚಿಕ್ಕಪ್ಪನ ಮಗಳ ವಿಷಯದ್ದಾಗಬಹುದು, ಅವಳು ಹೇಗೂ ಎರಡನೇ ಅಂಕದಿಂದ ಸುಮ್ಮನೆ ನಿಂತಿದ್ದಾಳೆ. ಮಗ ದಾರಿ ತಪ್ಪಿದ ಮೇಲೆ, ಮೂರನೇ ಅಂಕದಲ್ಲಿ, ಪ್ರೇತ ಇನ್ನೊಮ್ಮೆ ಬರಲಿ. ಕೊನೆಯ ದೃಶ್ಯದಲ್ಲಿ ಮಾತ್ರ ಕರೆಯಬೇಡ. ಹೆಣ ಎಣಿಸಲು ಅದು ಬಂದು ನಿಂತರೆ ಭಯವೆಲ್ಲ ಇಳಿದುಹೋಗುತ್ತದೆ.

ರಾಣಿ ಒಬ್ಬಳೇ ದೀಪ ಆರಿಸುವ ದೃಶ್ಯ ಬಹಳ ಚೆನ್ನಾಗಿದೆ, ಅದರ ಒಂದಕ್ಷರವನ್ನೂ ಮುಟ್ಟಬೇಡ. ತಿದ್ದಿದ ಮೊದಲ ಅಂಕವನ್ನಷ್ಟೇ ಬೇಗ ಕಳಿಸು.

ನಿನ್ನ ಅಣ್ಣ