ಹಗೇವಿನ ಬಾಯಿ ತೆಗೆಯೋದು

ಪ್ರೀತಿಯ ತಮ್ಮಾ,

ಜೆಆರ್‌ಎನ್‌ಎಲ್ ಅನ್ನೋ, ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಿ ಡೈರಿ ಬರೆಯೋ ಪ್ರೋಗ್ರಾಂ ಹಾಕಿಕೊಂಡು ಮೂರು ತಿಂಗಳಾಯ್ತು, ದಿನಾ ಬರೀತೀನಿ, ಆದ್ರೆ ಕಥೆಗೆ ಕೂತಾಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲ್ಲ ಅಂತ ಗೊಣಗಿದ್ದೀಯ. ಬರೆದದ್ದನ್ನ ಒಂದು ಸಲನಾದ್ರೂ ತೆಗೆದು ನೋಡಿದ್ದೀಯಾ? ಇಲ್ಲ ಅಲ್ವಾ? ನೆಲದೊಳಗಿನ ಹಗೇವಿಗೆ ಜೋಳ ಸುರಿದು, ಬಾಯಿ ಮುಚ್ಚಿ, ಎಲ್ಲಿದೆ ಅಂತ ಮರೆತ ಹಾಗಾಯ್ತು. ನಾನೂ ಹಾಗೇ ಮಾಡಿದವನು. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರಕ್ಕೆ ಬರುವಾಗ ಎರಡು ಚೀಲ ನೋಟ್‌ಬುಕ್ ಟ್ರ್ಯಾಕ್ಟರ್‌ಗೆ ಹಾಕಿದ್ದೆ, ಬಂದದ್ದು ಒಂದೇ. ಆ ಒಂದು ಚೀಲದಲ್ಲೂ ಬೇಕಾದ ಪುಟ ಬೇಕಾದಾಗ ಸಿಗಲಿಲ್ಲ.

ಮೊದಲು ಒಂದು ಅಭ್ಯಾಸ ಬಿಡು. ಕಮಾಂಡ್ ಹೆಸರಿನ ಮುಂದೆಯೇ ಇಡೀ ದಿನದ ಕಥೆ ಟೈಪ್ ಮಾಡಬೇಡ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಉದ್ಧರಣ ಚಿಹ್ನೆ ಕಂಡರೆ ಶೆಲ್, ಅಂದರೆ ಕಮಾಂಡ್ ಓದಿ ನಡೆಸೋ ಪ್ರೋಗ್ರಾಂ, ತನಗೇ ಹೇಳಿದ್ದು ಅಂದುಕೊಂಡು ಏನೇನೋ ಮಾಡುತ್ತದೆ. ಅದಕ್ಕಿಂತ ಜಾಸ್ತಿ, ನೀನು ಬರೆದದ್ದೆಲ್ಲ ಶೆಲ್ ಹಿಸ್ಟರಿಯಲ್ಲೂ ಉಳಿಯುತ್ತದೆ. ಡೈರಿಗೆ ಬೀಗ ಹಾಕಿ ಅದರ ನಕಲು ಕಟ್ಟೆ ಮೇಲೆ ಇಟ್ಟ ಹಾಗೆ. ‘jrnl’ ಅಂತ ಬರೀ ನಾಲ್ಕು ಅಕ್ಷರ ಹೊಡೆದು ಎಂಟರ್ ಒತ್ತು, ಆಮೇಲೆ ಬರಿ, ಮುಗಿದ ಮೇಲೆ ಕಂಟ್ರೋಲ್ ಡಿ. ಸೆಟ್ಟಿಂಗ್‌ನಲ್ಲಿ ನಿನಗಿಷ್ಟದ ಎಡಿಟರ್ ಹೆಸರು ಕೊಟ್ಟರೆ ಅದೇ ತೆರೆದುಕೊಳ್ಳುತ್ತದೆ.

ಇನ್ನು ಮೊದಲ ವಾಕ್ಯ. ಅದೇ ಟಿಪ್ಪಣಿಯ ತಲೆಬರಹ ಆಗುತ್ತದೆ. ಎರಡು ಅಡ್ಡಗೀಟು ಹಾಕಿ ‘ಶಾರ್ಟ್’ ಅಂದರೆ ತಾರೀಖು ಮತ್ತು ತಲೆಬರಹ ಮಾತ್ರ ಸಾಲಾಗಿ ಬರುತ್ತವೆ. ‘ಇವತ್ತು ಯಾಕೋ ಬೇಜಾರು’ ಅಂತ ಮೂವತ್ತು ಸಲ ಬರೆದಿದ್ದರೆ ಮೂವತ್ತು ಬೇಜಾರು ಕಾಣುತ್ತವೆ, ಅಷ್ಟೇ. ‘ಪಕ್ಕದ ಮನೆ ಅಜ್ಜಿ ಮುಳುಗಿದ ಮನೆಯ ಕೀಲಿ ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ’ ಅಂತ ಬರೆದಿದ್ದರೆ? ಬೇಜಾರು ಎರಡನೇ ವಾಕ್ಯಕ್ಕೆ ಬರಲಿ, ಯಾರು ಬೇಡ ಅಂತಾರೆ.

ನಿನ್ನ ದೊಡ್ಡ ತೊಂದರೆ ಟ್ಯಾಗ್‌ದು, ಟಿಪ್ಪಣಿ ಆಮೇಲೆ ಹುಡುಕೋಕೆ ಹಾಕೋ ಗುರುತಿನ ಪದದ್ದು. ‘ಮುಳುಗಡೆ’ ಅಂತ ಕನ್ನಡದಲ್ಲೇ ಹಾಕ್ತೀನಿ, ಪಟ್ಟಿಯಲ್ಲಿ ಬರೀ ‘ಮ’ ಕಾಣುತ್ತದೆ ಅಂದೆಯಲ್ಲ, ತಪ್ಪು ನಿನ್ನದಲ್ಲ. ಈ ಪ್ರೋಗ್ರಾಂ ಬರೆದಿರೋದು ಪೈಥಾನ್‌ನಲ್ಲಿ. ಪದ ಎಲ್ಲಿಗೆ ಮುಗಿಯಿತು ಅಂತ ನೋಡುವಾಗ ಅದು ನಮ್ಮ ಕೊಂಬು, ದೀರ್ಘ, ಏತ್ವಗಳನ್ನ ಅಕ್ಷರ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಕೊಂಬು ಬಂತು, ಕತ್ತರಿ ಬಿತ್ತು. ಸಿಟ್ಟು ಬರೋದು ಸಹಜ, ಆದ್ರೆ ಸದ್ಯಕ್ಕೆ ಟ್ಯಾಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹಾಕು, ಒಳಗಿನ ಬರಹ ಕನ್ನಡದಲ್ಲೇ ಇರಲಿ. ‘ಕಂಟೇನ್ಸ್’ ಅಂತ ಕೇಳಿದರೆ ಕನ್ನಡ ಪದವನ್ನೂ ಅದು ಹುಡುಕಿ ಕೊಡುತ್ತದೆ. ಟ್ಯಾಗ್ ಜಾಸ್ತಿ ಬೇಡ. ನನ್ನದು ಒಟ್ಟು ಏಳು. ಅದರಲ್ಲಿ ಒಂದು ‘ಮಾತು’, ಅದೂ ಇಂಗ್ಲಿಷ್ ಅಕ್ಷರದಲ್ಲೇ. ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಅಲ್ಲಿಗೆ ಹಾಕ್ತೀನಿ. ಸಂಭಾಷಣೆ ಬರೆಯೋಕೆ ಕೂತಾಗ ಆ ಟ್ಯಾಗ್ ಕೇಳಿ ಎಲ್ಲ ಒಟ್ಟಿಗೆ ಓದ್ತೀನಿ. ಟ್ಯಾಗ್ ಜೊತೆ ‘ಎಡಿಟ್’ ಕೊಟ್ಟರೆ ಆ ಟಿಪ್ಪಣಿಗಳಷ್ಟೇ ಎಡಿಟರ್‌ನಲ್ಲಿ ತೆರೆಯುತ್ತವೆ, ಆದ್ರೆ ಹುಷಾರು, ಅಲ್ಲಿ ಅಳಿಸಿದ್ದು ಮೂಲದಿಂದಲೂ ಹೋಗುತ್ತದೆ.

‘ಟುಡೇ ಇನ್ ಹಿಸ್ಟರಿ’ ಅಂತ ಒಂದಿದೆ, ಹಿಂದಿನ ವರ್ಷಗಳಲ್ಲಿ ಇದೇ ತಾರೀಖಿಗೆ ಏನು ಬರೆದಿದ್ದೆ ಅಂತ ತೋರಿಸುತ್ತದೆ. 2019ರ ಆಗಸ್ಟ್‌ನ ಪ್ರವಾಹದ ಟಿಪ್ಪಣಿಗಳು ನನಗೆ ಪ್ರತಿ ಆಗಸ್ಟ್‌ನಲ್ಲೂ ಎದುರಾಗುತ್ತವೆ. ಆದ್ರೆ ನಮ್ಮ ಊರಿನ ಹೋಳಿ ಅದಕ್ಕೆ ಸಿಗಲ್ಲ. 2024ರಲ್ಲಿ ಹುಣ್ಣಿಮೆ ಮಾರ್ಚ್ ಕೊನೆ ವಾರಕ್ಕೆ, 2025ರಲ್ಲಿ ಮಾರ್ಚ್ ನಡುವಿಗೆ. ಹಲಗಿ ಸದ್ದು, ಬಣ್ಣದ ಬಂಡಿ ಎಲ್ಲ ಬೇರೆ ಬೇರೆ ತಾರೀಖಿಗೆ ಕೂತಿವೆ. ಪಂಚಾಂಗದ ಹಬ್ಬಕ್ಕೆಲ್ಲ ಟ್ಯಾಗೇ ಗತಿ. ತಾರೀಖಿನ ಮಾತು ಬಂತು ಅಂತ ಹೇಳ್ತೀನಿ, ಹಿಂದಿನ ದಿನದ್ದು ಬರೆಯೋಕೆ ಶುರುವಿಗೆ ಇಂಗ್ಲಿಷ್‌ನಲ್ಲಿ ‘ಯೆಸ್ಟರ್ಡೇ’ ಅಂತ ಹಾಕಿ ಕೋಲನ್ ಇಡು. ‘ನಿನ್ನೆ’ ಅಂದರೆ ಅದಕ್ಕೆ ತಿಳಿಯಲ್ಲ.

ಬೀಗದ ವಿಷಯ ಕೇಳಿದ್ದೀಯ. ‘ಎನ್‌ಕ್ರಿಪ್ಟ್’ ಅಂದರೆ ಪಾಸ್‌ವರ್ಡ್ ಕೇಳುತ್ತದೆ, ಅದನ್ನ ಕಂಪ್ಯೂಟರ್ ತನ್ನ ಪಾಸ್‌ವರ್ಡ್‌ಗಳನ್ನ ಕೂಡಿಡೋ ಕೀಚೈನ್‌ನಲ್ಲಿ ಇಡಲಾ ಅಂತಲೂ ಕೇಳುತ್ತದೆ. ನಾನು ಹೂಂ ಅಂದೆ. ಎರಡು ವರ್ಷ ಕಂಪ್ಯೂಟರೇ ನೆನಪಿಟ್ಟುಕೊಂಡಿತು, ನಾನು ಮರೆತೆ. ಆಮೇಲೆ ಲ್ಯಾಪ್‌ಟಾಪ್ ಕೆಟ್ಟಿತು. ಫೈಲ್ ಪೆನ್‌ಡ್ರೈವ್‌ನಲ್ಲಿ ಸರಿಯಾಗೇ ಇದೆ, ತೆರೆಯೋಕಾಗಲ್ಲ, ಮರೆತ ಪಾಸ್‌ವರ್ಡ್ ಮತ್ತೆ ಕೊಡೋರು ಯಾರೂ ಇಲ್ಲ. ಅಜ್ಜಿಯ ಹತ್ತಿರ ಕೀಲಿ ಇದೆ, ಮನೆ ಇಲ್ಲ. ನನ್ನದು ಉಲ್ಟಾ. ನೀನು ನಿನ್ನದನ್ನ ಇವತ್ತೇ ಒಂದು ಕಾಗದದ ಮೇಲೆ ಬರೆದು ಅವ್ವನ ಟ್ರಂಕಿನಲ್ಲಿ ಇಟ್ಟುಬಿಡು.

ನಿನ್ನ ಅಣ್ಣ,
ನವನಗರ, ಬಾಗಲಕೋಟೆ