ಒಗಟಿನ ಕಾರ್ಡಿಗೆ ನಾಲ್ಕನೆಯ ಹೆಸರು: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಕಾಮಿಕ್ಸ್ ಸೂಪರ್‌ಹೀರೋಗಳ 'ಇವರಲ್ಲಿ ಏನು ಸಮ?' ಕಾರ್ಡುಗಳು ಮುಂದಿನ ಕಟ್ಟಿನಿಂದ ಬದಲಾಗುತ್ತಿವೆ. ಇದುವರೆಗೆ ಒಂದು ಕಾರ್ಡಿಗೆ ಮೂರು ಪಾತ್ರಗಳ ಹೆಸರಿತ್ತು, ಇನ್ನು ನಾಲ್ಕು ಇರುತ್ತದೆ. ಮುಖವಾಡದ ಹೆಸರಿನ ಜೊತೆಗೆ ಅದನ್ನು ತೊಟ್ಟವರ ನಿಜನಾಮ ಅಚ್ಚಾಗುತ್ತದೆ. ಕಾರ್ಡಿನ ಮೂಲೆಯಲ್ಲಿ ಒಂದು ಇಸವಿ ಇರುತ್ತದೆ. ಹಿಂಬದಿಯಲ್ಲಿ ಒಂದು ಸಾಲಿನ ಉತ್ತರವಿದ್ದ ಕಡೆ ಈಗ ಮುಖ್ಯ ಉತ್ತರ, ಒಪ್ಪಬಹುದಾದ ಉತ್ತರಗಳು, ಒಪ್ಪಬಾರದವು ಮತ್ತು ಏಕೆ ಒಪ್ಪಬಾರದು ಎಂಬ ಕಾರಣ, ಎಲ್ಲವೂ ಸಿಗುತ್ತವೆ. ಇಷ್ಟನ್ನು ಓದುವ ಹಾಗೆ ಅಚ್ಚು ಹಾಕಲು ಕಾರ್ಡು ದೊಡ್ಡದಾಗಬೇಕಾಯಿತು. ಹಾಗಾಗಿ ಕಟ್ಟಿನಲ್ಲಿ 60 ಇದ್ದ ಕಾರ್ಡುಗಳು 48ಕ್ಕೆ ಇಳಿದಿವೆ. ಹನ್ನೆರಡು ಕಡಿಮೆಯಾದದ್ದು ನಿಮಗೆ ಕೊರತೆ ಎನಿಸಬಹುದು, ಅದಕ್ಕೇ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇವೆ.

ಹಳೆಯ ಕಟ್ಟಿನ ಒಂದು ಕಾರ್ಡನ್ನು ಕೈಗೆತ್ತಿಕೊಳ್ಳಿ: ಬ್ಯಾಟ್‌ಮ್ಯಾನ್, ಐರನ್ ಮ್ಯಾನ್, ಗ್ರೀನ್ ಆ್ಯರೋ. ಹಿಂದೆ ಅಚ್ಚಾಗಿರುವ ಉತ್ತರ 'ಆಗರ್ಭ ಶ್ರೀಮಂತರು'. ಸರಿಯೇ. ಆದರೆ ಮೂವರಿಗೂ ಅತಿಮಾನುಷ ಶಕ್ತಿಯಿಲ್ಲ. ಮೂವರೂ ತಂದೆತಾಯಿಯನ್ನು ಕಳೆದುಕೊಂಡವರು. ಮೂವರ ಮನೆತನದ ಹೆಸರಿನಲ್ಲೂ ಒಂದೊಂದು ಕಂಪನಿಯಿದೆ: ವೇನ್, ಸ್ಟಾರ್ಕ್, ಕ್ವೀನ್. ನಾಲ್ಕು ಉತ್ತರಕ್ಕೂ ನ್ಯಾಯವಾಗಿ ಅಂಕ ಸಲ್ಲಬೇಕು, ಕಾರ್ಡು ಮಾತ್ರ ಒಂದಕ್ಕೇ ಕೊಡುತ್ತದೆ. ಆಡುವವರ ಜಾಣತನ ಇಲ್ಲಿ ವ್ಯರ್ಥ. ಕಾರ್ಡು ಬರೆದವರ ತಲೆಯಲ್ಲಿ ಏನಿತ್ತು ಎಂದು ಊಹಿಸುವುದೇ ಆಟವಾಗಿಬಿಡುತ್ತದೆ.

ನಾಲ್ಕನೆಯ ಹೆಸರು ಬರುವುದು ಇದಕ್ಕಾಗಿ. ನಾವು ಅದನ್ನು ಬೀಗ ಎಂದು ಕರೆಯುತ್ತೇವೆ. ಬೇಡದ ಉತ್ತರಗಳ ಬಾಗಿಲನ್ನೆಲ್ಲ ಮುಚ್ಚಿ ಒಂದನ್ನು ತೆರೆದಿಡುವುದು ಅದರ ಕೆಲಸ. ಮೇಲಿನ ಮೂವರಿಗೆ ಹಾಕ್‌ಐ, ಅಂದರೆ ಕ್ಲಿಂಟ್ ಬಾರ್ಟನ್‌ನನ್ನು ಸೇರಿಸಿದರೆ ಹಣವೂ ಕಂಪನಿಯೂ ಬಿದ್ದುಹೋಗುತ್ತವೆ. ಆದರೆ ಅವನು ತಬ್ಬಲಿಯೂ ಹೌದು, ವಿಶೇಷ ಶಕ್ತಿ ಇಲ್ಲದವನೂ ಹೌದು. ಎರಡು ಬಾಗಿಲು ತೆರೆದೇ ಉಳಿದವು, ಬೀಗ ಕೂರಲಿಲ್ಲ. ಸ್ಪೈಡರ್-ಮ್ಯಾನ್ ಪೀಟರ್ ಪಾರ್ಕರ್‌ನನ್ನು ಸೇರಿಸಿ ನೋಡಿ. ಅವನ ಬಳಿ ಹಣವಿಲ್ಲ, ಕಂಪನಿಯಿಲ್ಲ, ಜೇಡ ಕಚ್ಚಿದ ಮೇಲೆ ಬಂದ ಶಕ್ತಿಯಂತೂ ಮೈತುಂಬ ಇದೆ. ಉಳಿಯುವುದು 'ತಂದೆತಾಯಿ ಇಲ್ಲದವರು' ಒಂದೇ. ಎಕ್ಸ್-ಮೆನ್ ಕಥೆಗಳ ಎಮ್ಮಾ ಫ್ರಾಸ್ಟ್‌ಳನ್ನು ಹಾಕಿದರೆ ಬೀಗ ಇನ್ನೊಂದು ಕಡೆಗೆ ತಿರುಗುತ್ತದೆ. ಮನಸ್ಸು ಓದುವುದು ಅವಳಿಗೆ ಹುಟ್ಟುಶಕ್ತಿ. ತಂದೆತಾಯಿ ಬದುಕಿರುವಾಗಲೇ ಮನೆಬಿಟ್ಟು ಬಂದವಳು. ಫ್ರಾಸ್ಟ್ ಹೆಸರಿನ ಕಂಪನಿಯ ಒಡತಿ. ಈಗ ಉಳಿದದ್ದು 'ಶ್ರೀಮಂತರು' ಮತ್ತು 'ಮನೆತನದ ಹೆಸರಿನ ಕಂಪನಿ ಉಳ್ಳವರು'. ಒಂದರ ಹೊಟ್ಟೆಯೊಳಗೆ ಇನ್ನೊಂದಿದೆ. ಇಂಥ ಕಡೆ ಕಿರಿದಾದ ಉತ್ತರಕ್ಕೆ ಪೂರ್ತಿ ಅಂಕ, ಅಗಲವಾದದ್ದಕ್ಕೆ ಅರ್ಧ ಎಂದು ಹಿಂಬದಿಯಲ್ಲೇ ಬರೆದಿರುತ್ತದೆ.

ಸ್ವಂತ ಒಗಟು ಕಟ್ಟುವ ಗ್ರಾಹಕರು ಬಹಳ ಮಂದಿ ಇದ್ದೀರಿ. ನಿಮಗೂ ಇದೇ ಕ್ರಮವನ್ನು ಹೇಳುತ್ತೇವೆ. ಮೂರು ಹೆಸರು ಬರೆದ ಮೇಲೆ ನಿಮ್ಮ ಉತ್ತರವನ್ನು ಬದಿಗಿಟ್ಟು, ಆ ಮೂವರಿಗೆ ಹೊಂದುವ ಎಲ್ಲವನ್ನೂ ಪಟ್ಟಿ ಮಾಡಿ: ಕುಟುಂಬ, ಉದ್ಯೋಗ, ದೇಹ, ಶಕ್ತಿಯ ಮೂಲ, ದೌರ್ಬಲ್ಯ, ವೇಷದ ಬಣ್ಣ, ತಂಡ, ಹೆಸರಿನ ಅಕ್ಷರ, ಮೊದಲು ಕಾಣಿಸಿಕೊಂಡ ವರ್ಷ, ಸೃಷ್ಟಿಸಿದವರು. ಆರೇಳು ಸಾಲಾದರೂ ಆಗಿಯೇ ಆಗುತ್ತದೆ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದುವನ್ನೆಲ್ಲ ಹೊಡೆದುಹಾಕುವ ವ್ಯಕ್ತಿಯನ್ನು ಹುಡುಕಿ. ಮಾರ್ವೆಲ್ ಮತ್ತು ಡಿಸಿ ಎಂಬ ಅಮೆರಿಕದ ಎರಡು ಕಾಮಿಕ್ಸ್ ಪ್ರಕಾಶನಗಳಿಂದಲೂ ಕನಿಷ್ಠ ಒಬ್ಬೊಬ್ಬರಿದ್ದರೆ 'ಒಂದೇ ಪ್ರಕಾಶನದವರು' ಎಂಬ ಸೋಮಾರಿ ಉತ್ತರ ತಾನಾಗಿ ಸಾಯುತ್ತದೆ.

ಬೀಗ ಸಿಗದ ಒಗಟುಗಳೂ ಇವೆ. ನಮಗೆ ಅಚ್ಚುಮೆಚ್ಚಿನದೊಂದು ಹಾಗೇ ಸಿಕ್ಕಿಬಿತ್ತು: ಹಲ್ಕ್, ಐರನ್ ಮ್ಯಾನ್, ಬೀಸ್ಟ್. ಮೂವರೂ ಮೊದಲು ಬೂದುಬಣ್ಣದವರು. ಮೇ 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್‌ನದು ಬೂದು ಮೈ. ಆ ಕಾಲದ ಅಚ್ಚಿನಲ್ಲಿ ಬೂದು ಒಂದೇ ಸಮನೆ ನಿಲ್ಲುತ್ತಿರಲಿಲ್ಲ, ಒಂದು ಪುಟದಲ್ಲಿ ತಿಳಿಯಾಗಿ ಇನ್ನೊಂದರಲ್ಲಿ ಕಪ್ಪಾಗಿ ಬೀಳುತ್ತಿತ್ತು. ಎರಡನೆಯ ಸಂಚಿಕೆಗೇ ಅವನನ್ನು ಹಸಿರು ಮಾಡಿದರು. ಮಾರ್ಚ್ 1963ರಲ್ಲಿ ಬಂದ ಐರನ್ ಮ್ಯಾನ್‌ನ ಬೂದು ಕವಚ ಮರುಸಂಚಿಕೆಯಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿತು. ಕೆಂಪು ಸೇರಿದ್ದು ಆಮೇಲೆ. 1972ರಲ್ಲಿ ಬೀಸ್ಟ್‌ಗೆ ಮೈತುಂಬ ರೋಮ ಬಂದಾಗ ಅದೂ ಬೂದು, ನೀಲಿಯಾದದ್ದು ನಂತರ. ಎಷ್ಟು ಚೆಂದದ ಒಗಟು! ಆದರೆ ಮೂವರೂ ವಿಜ್ಞಾನಿಗಳು, ಮೂವರೂ ಅವೆಂಜರ್ಸ್ ತಂಡದಲ್ಲಿದ್ದವರು. ಈ ಎರಡನ್ನೂ ಮುರಿಯುವ ನಾಲ್ಕನೆಯ ಬೂದುಬಣ್ಣದವರು ಸಿಗಲಿಲ್ಲ. ಅದಕ್ಕೆ ಇಂಥ ಕಾರ್ಡುಗಳಲ್ಲಿ ನಾಲ್ಕನೆಯ ಹೆಸರಿನ ಮೇಲೆ ಅಡ್ಡಗೆರೆ ಇರುತ್ತದೆ. ಅಂದರೆ 'ಇವರು ಈ ಗುಂಪಿಗೆ ಸೇರದವರು'. ಇಲ್ಲಿ ಅಡ್ಡಗೆರೆ ಬಿದ್ದಿರುವುದು ಆ್ಯಂಟ್-ಮ್ಯಾನ್ ಹ್ಯಾಂಕ್ ಪಿಮ್‌ಗೆ. ಅವನು ವಿಜ್ಞಾನಿ, ಅವೆಂಜರ್ಸ್ ಸ್ಥಾಪಕರಲ್ಲೊಬ್ಬ, ಮಾರ್ವೆಲ್‌ನವನು. ಅವನೇ ಸೇರದವನಾದ ಮೇಲೆ ಆ ಮೂರು ಉತ್ತರಗಳೂ ಒಟ್ಟಿಗೆ ಹೋದವು.

ನಿಜನಾಮ ಏಕೆ ಬೇಕು ಎಂಬುದಕ್ಕೆ ಕ್ಯಾಪ್ಟನ್ ಮಾರ್ವೆಲ್ ಒಂದೇ ಹೆಸರು ಸಾಕು. 1940ರಲ್ಲಿ ಫಾಸೆಟ್ ಪ್ರಕಾಶನದಲ್ಲಿ ಬಂದವನು ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ. 'ಶಜಾಮ್' ಎಂದು ಕೂಗಿದರೆ ದೊಡ್ಡವನಾಗುತ್ತಾನೆ. ಅವನು ಈಗ ಡಿಸಿಯಲ್ಲಿದ್ದಾನೆ, ಆ ಕೂಗನ್ನೇ ಹೆಸರಾಗಿ ಇಟ್ಟುಕೊಂಡಿದ್ದಾನೆ. ಮಾರ್ವೆಲ್‌ನಲ್ಲಿ ಅದೇ ಹೆಸರನ್ನು 1967ರಲ್ಲಿ ಹೊತ್ತವನು ಅನ್ಯಗ್ರಹದ ಮಾರ್-ವೆಲ್, 1982ರಲ್ಲಿ ಮೋನಿಕಾ ರ್‍ಯಾಂಬೋ, 2012ರಿಂದ ಕ್ಯಾರಲ್ ಡ್ಯಾನ್ವರ್ಸ್. ಬರೀ 'ಕ್ಯಾಪ್ಟನ್ ಮಾರ್ವೆಲ್' ಎಂದು ಬರೆದ ಕಾರ್ಡಿಗೆ ಮಗು, ಅನ್ಯಗ್ರಹವಾಸಿ, ವಿಮಾನ ಹಾರಿಸುವವಳು, ಯಾವುದು ಹೇಳಿದರೂ ತಪ್ಪೆನ್ನಲಾಗದು. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್, ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್ ಇವರದೂ ಇದೇ ಪಾಡು. 1940ರ ಗ್ರೀನ್ ಲ್ಯಾಂಟರ್ನ್ ಆಲನ್ ಸ್ಕಾಟ್‌ನ ಉಂಗುರ ಮರದ ಮುಂದೆ ಸೋಲುತ್ತಿತ್ತು, 1959ರ ಹಾಲ್ ಜೋರ್ಡಾನ್‌ನದು ಹಳದಿ ಬಣ್ಣದ ಮುಂದೆ.

ಇನ್ನು ಇಸವಿ. ಒಬ್ಬನೇ ವ್ಯಕ್ತಿಯ ಪೂರ್ವಕಥೆಯನ್ನೂ ಕಾಮಿಕ್ಸ್ ತಿದ್ದಿ ಬರೆಯುತ್ತಿರುತ್ತದೆ. ಸರ್ಕಸ್ ಒಗಟು ನೋಡಿ: ಮೊದಲ ರಾಬಿನ್ ಡಿಕ್ ಗ್ರೇಸನ್, ಡೆಡ್‌ಮ್ಯಾನ್ ಬೋಸ್ಟನ್ ಬ್ರ್ಯಾಂಡ್, ನೈಟ್‌ಕ್ರಾಲರ್ ಕರ್ಟ್ ವ್ಯಾಗ್ನರ್, ಹಾಕ್‌ಐ ಕ್ಲಿಂಟ್ ಬಾರ್ಟನ್. ಇದು ಗಟ್ಟಿ. ಆದರೆ ಗ್ರೇಸನ್ ಜಾಗದಲ್ಲಿ ಎರಡನೆಯ ರಾಬಿನ್ ಜೇಸನ್ ಟಾಡ್ ಬಂದರೆ ಇಸವಿಯಿಲ್ಲದೆ ನಡೆಯದು. 1983ರಲ್ಲಿ ಬಂದ ಜೇಸನ್ ಸರ್ಕಸ್ ಕಲಾವಿದರ ಮಗ. 1987ರಲ್ಲಿ ಹೊಸದಾಗಿ ಬರೆದ ಕಥೆಯಲ್ಲಿ ಅವನು ಬ್ಯಾಟ್‌ಮ್ಯಾನ್ ಕಾರಿನ ಚಕ್ರ ಕದಿಯುವ ಬೀದಿಹುಡುಗ. ಗಾಲಿಕುರ್ಚಿಯ ಒಗಟೂ ಹೀಗೇ. ಡೂಮ್ ಪೆಟ್ರೋಲ್ ತಂಡದ ಚೀಫ್ ನೈಲ್ಸ್ ಕಾಲ್ಡರ್ ಬಂದದ್ದು ಜೂನ್ 1963ರಲ್ಲಿ, ಎಕ್ಸ್-ಮೆನ್ ತಂಡದ ಪ್ರೊಫೆಸರ್ ಎಕ್ಸ್ ಬಂದದ್ದು ಸೆಪ್ಟೆಂಬರ್ 1963ರಲ್ಲಿ. ಗಾಲಿಕುರ್ಚಿಯಲ್ಲಿ ಕುಳಿತು ತಂಡ ನಡೆಸುವ ಇಬ್ಬರು, ನಡುವೆ ಮೂರೇ ತಿಂಗಳು. ಇವರ ಜೊತೆಗೆ ಆರಕಲ್, ಅಂದರೆ ಬಾರ್ಬರಾ ಗಾರ್ಡನ್ ಬಂದಾಗ ಕಾರ್ಡಿನ ಮೂಲೆಯಲ್ಲಿ 1996 ಎಂದಿರಲೇಬೇಕು. 1988ರ ಕಥೆಯಲ್ಲಿ ಗುಂಡೇಟು ಬಿದ್ದು ಕಾಲಿನ ಬಲ ಕಳೆದುಕೊಂಡವಳು 2011ರ ಹೊಸ ಸರಣಿಯಲ್ಲಿ ಮತ್ತೆ ಓಡಾಡುತ್ತಾಳೆ. ಮೇಲೆ ಹೇಳಿದ ತಬ್ಬಲಿಗಳ ಒಗಟಿಗೂ 2012 ಎಂಬ ಗಡಿ ಹಾಕಿದ್ದೇವೆ. ಏಕೆಂದರೆ 2013ರಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ದತ್ತುಮಗ ಎಂದು ಕಥೆ ತಿರುಗಿತು.

ಕಾರ್ಡಿನಲ್ಲಿ ಬರುವ ತಿಂಗಳು, ಇಸವಿಗಳೆಲ್ಲ ಸಂಚಿಕೆಯ ಮುಖಪುಟದ ಮೇಲಿರುವವು. ಅಮೆರಿಕದ ಕಾಮಿಕ್ಸ್ ಮುಖಪುಟದ ತಿಂಗಳಿಗಿಂತ ಸುಮಾರು ಎರಡು ತಿಂಗಳು ಮೊದಲೇ ಅಂಗಡಿಗೆ ಬರುತ್ತಿದ್ದವು. ಸೂಪರ್‌ಮ್ಯಾನ್‌ನ ಮೊದಲ ಕಥೆಯ ಮೇಲೆ ಜೂನ್ 1938 ಎಂದಿದೆ, ಓದುಗರ ಕೈಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ವರ್ಷದ ಕೊನೆಯಲ್ಲಿ ಇದು ಜಗಳಕ್ಕೆ ದಾರಿ. ಮೊದಲ ಫ್ಲ್ಯಾಶ್ ಜೇ ಗ್ಯಾರಿಕ್‌ನ ಸಂಚಿಕೆಗೆ ಜನವರಿ 1940 ಎಂದು ಹೆಸರು, ಮಾರಾಟ 1939ರ ಕೊನೆಯಲ್ಲೇ. ಸಿನಿಮಾ, ಟಿವಿ ಸಂಗತಿಗಳನ್ನು ಇನ್ನು ಒಪ್ಪುವುದಿಲ್ಲ. ಟಿವಿ ಸರಣಿಯಲ್ಲಿ ಹಲ್ಕ್‌ನ ಹೆಸರು ಡೇವಿಡ್ ಬ್ಯಾನರ್ ಆಗಿಹೋಗಿತ್ತು, ಅದನ್ನು ನಂಬಿದವರು ಮುಂದಿನ ಒಗಟಿನಲ್ಲಿ ಎಡವುತ್ತಾರೆ.

ಆ ಮುಂದಿನ ಒಗಟು ಒಂದೇ ಅಕ್ಷರದಿಂದ ಶುರುವಾಗುವ ಜೋಡಿ ಹೆಸರುಗಳದು: ಪೀಟರ್ ಪಾರ್ಕರ್, ಬ್ರೂಸ್ ಬ್ಯಾನರ್, ರೀಡ್ ರಿಚರ್ಡ್ಸ್, ಲೋಯಿಸ್ ಲೇನ್. ನೆನಪಿನಲ್ಲಿಟ್ಟುಕೊಳ್ಳಲು ಸುಲಭವೆಂದು ಹೀಗೆ ಹೆಸರಿಡುತ್ತಿದ್ದುದಾಗಿ ಸ್ಟ್ಯಾನ್ ಲೀ ಹೇಳಿದ್ದುಂಟು. ಆದರೂ ಒಮ್ಮೆ ಬ್ಯಾನರ್‌ನನ್ನು ಬಾಬ್ ಎಂದು ಬರೆದುಬಿಟ್ಟರು, ಅದನ್ನು ಸರಿದೂಗಿಸಲು ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಆಯಿತು. ಕನ್ನಡದಲ್ಲಿ ಆಡುವಾಗ ಇಲ್ಲಿ ಬೇರೆಯೇ ತೊಡಕುಗಳಿವೆ. ಕ್ಲಾರ್ಕ್ ಕೆಂಟ್ ಇಂಗ್ಲಿಷ್ ಕಾಗುಣಿತದಲ್ಲಿ ಜೋಡಿ ಅಲ್ಲ, ನಮ್ಮ ಲಿಪಿಯಲ್ಲಿ ಎರಡೂ 'ಕ'. ಕಾರ್ನೇಜ್ ಆಗುವ ಕ್ಲೀಟಸ್ ಕಸಾಡಿಯದೂ ಅದೇ ಕಥೆ. ಇಂಗ್ಲಿಷ್‌ನಲ್ಲಿ ವಿಕಿ ವೇಲ್‌ಗೂ ವೇಡ್ ವಿಲ್ಸನ್‌ಗೂ ಬೇರೆ ಬೇರೆ ಅಕ್ಷರ, ನಮಗೆ ಎಲ್ಲವೂ 'ವ'. ಒಟ್ಟೋ ಆಕ್ಟೇವಿಯಸ್ ಎಂದು ಬರೆದರೆ ಇಂಗ್ಲಿಷ್‌ನಲ್ಲಿದ್ದ ಜೋಡಿ ಒಡೆಯುತ್ತದೆ, ಆಟೋ ಆಕ್ಟೇವಿಯಸ್ ಎಂದರೆ ಉಳಿಯುತ್ತದೆ. ಆದ್ದರಿಂದ ಅಕ್ಷರದ ಕಾರ್ಡುಗಳಿಗೆ ಪ್ರತ್ಯೇಕ ನಿಯಮ: ಕಾರ್ಡಿನಲ್ಲಿ ಅಚ್ಚಾದ ಕನ್ನಡ ರೂಪವೇ ಪ್ರಮಾಣ. ಒತ್ತಕ್ಷರ, ಕಾಗುಣಿತ ಬಿಟ್ಟು ಮೊದಲ ವ್ಯಂಜನವನ್ನು ಮಾತ್ರ ನೋಡಬೇಕು. ಸ್ವರದಿಂದ ಶುರುವಾಗುವ ಹೆಸರುಗಳನ್ನು ಈ ಬಗೆಯ ಒಗಟಿನಿಂದ ಪೂರ್ತಿ ಕೈಬಿಟ್ಟಿದ್ದೇವೆ.

ಆಡಿಸುವವರಿಗೆ: ಮೊದಲು ಎರಡು ಹೆಸರು ಓದಿ, ಸರಿಯುತ್ತರಕ್ಕೆ 5 ಅಂಕ. ಮೂರನೆಯದು ಓದಿದ ಮೇಲೆ 3, ಬೀಗ ಓದಿದ ಮೇಲೆ 1. ಹೆಸರುಗಳನ್ನು ಅಚ್ಚಾದ ಕ್ರಮದಲ್ಲೇ ಓದಿ, ಬೀಗ ಮೊದಲೇ ಬಂದರೆ ಒಗಟು ಸಪ್ಪೆಯಾಗುತ್ತದೆ. ಮುಖ್ಯವಾದ ಬದಲಾವಣೆ ಇಲ್ಲಿದೆ. ಅಷ್ಟರವರೆಗೆ ಓದಿದ ಹೆಸರುಗಳಿಗೆಲ್ಲ ಹೊಂದುವ, ಆದರೆ ಮುಖ್ಯವಲ್ಲದ ಉತ್ತರ ಬಂದರೆ ತಂಡವನ್ನು ಹೊರಗಿಡಬೇಡಿ. 'ಹೊಂದುತ್ತದೆ, ಮುಂದೆ ಕೇಳಿ' ಎಂದಷ್ಟೇ ಹೇಳಿ. ಅಂಕ ಕೊಡಬೇಡಿ, ಕಳೆಯಲೂ ಬೇಡಿ. ಹಳೆಯ ನಿಯಮದಲ್ಲಿ ಅವರು ಆ ಸುತ್ತಿನಿಂದಲೇ ಹೊರಬೀಳುತ್ತಿದ್ದರು. ಸರಿ ಹೇಳಿಯೂ ಸೋಲುವ ಆ ನಿಯಮ ನಮ್ಮಿಂದ ಆದ ತಪ್ಪು.

ಹಳೆಯ ಕಟ್ಟನ್ನು ಎಸೆಯಬೇಕಿಲ್ಲ. ಈ ಪತ್ರದ ಜೊತೆಗಿರುವ ತಿದ್ದುಪಡಿ ಹಾಳೆಯಲ್ಲಿ ಒಂದನ್ನು ಬಿಟ್ಟು ಪ್ರತಿ ಹಳೆಯ ಕಾರ್ಡಿಗೂ ನಾಲ್ಕನೆಯ ಹೆಸರು ಮತ್ತು ಇಸವಿ ಇದೆ. ಕತ್ತರಿಸಿ ಕಾರ್ಡಿನ ಕೆಳತುದಿಗೆ ಅಂಟಿಸಿ, ಹಿಂಬದಿಗೆ ಅಂಟು ಸೋರದಂತೆ ತೆಳುವಾಗಿ ಹಚ್ಚಿ. ಸ್ಕಾರ್ಲೆಟ್ ವಿಚ್ ಮತ್ತು ಕ್ವಿಕ್‌ಸಿಲ್ವರ್ ಇರುವ 'ಮ್ಯಾಗ್ನೀಟೋ ಮಕ್ಕಳು' ಕಾರ್ಡನ್ನು ಮಾತ್ರ ದಯವಿಟ್ಟು ತೆಗೆದಿಡಿ. 1980ರ ದಶಕದಲ್ಲಿ ಅವರಿಬ್ಬರನ್ನು ಮ್ಯಾಗ್ನೀಟೋ ಎಂಬ ಖಳನಾಯಕನ ಮಕ್ಕಳೆಂದು ಬರೆದರು, 2010ರ ದಶಕದಲ್ಲಿ ಅಲ್ಲವೆಂದು ಬರೆದರು. ಆ ಕಾರ್ಡಿಗೆ ಯಾವ ಬೀಗವೂ ಹೊಂದಲಿಲ್ಲ. ಹೊಸ ಕಾರ್ಡುಗಳಲ್ಲಿ ಎಲ್ಲಾದರೂ ಎರಡನೆಯ ಸರಿಯುತ್ತರ ಸಿಕ್ಕರೆ ಕಾರ್ಡಿನ ಸಂಖ್ಯೆ, ನಿಮ್ಮ ಉತ್ತರ, ಅದಕ್ಕೆ ಆಧಾರವಾದ ಸಂಚಿಕೆ ಮೂರನ್ನೂ ಬರೆದು ಕಳಿಸಿ. ಮುಂದಿನ ತಿದ್ದುಪಡಿ ಹಾಳೆಯಲ್ಲಿ ಸೇರಿಸುತ್ತೇವೆ.

ಇಂತಿ ನಿಮ್ಮ,
ಒಗಟು ಕಾರ್ಡು ತಯಾರಿಸುವ ಸಹಕಾರಿ ಬಳಗ