ಕವರ್ ಬಿಚ್ಚದೆ ಬಿರುಕು ಕಾಣುವುದು ಹೇಗೆ?

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮಾರುತ್ ವಿಮಾನದ ಕಿಟ್‌ನಲ್ಲಿ ಬಿರುಕು ಬಿಟ್ಟ ಕ್ಯಾನೊಪಿ, ಗಟ್ಟಿಯಾದ ಬಣ್ಣ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಆನ್‌ಲೈನ್ ಅಂಗಡಿಯಿಂದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ 1/72 ಅಳತೆಯ, ಬಿಡಿ ಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿಯ ಕಿಟ್ ಮತ್ತು ಆರು ಬಾಟಲಿಗಳ ಅಕ್ರಿಲಿಕ್ ಬಣ್ಣದ ಸೆಟ್ ತರಿಸಿಕೊಂಡೆ. ಪೈಲಟ್ ಸೀಟಿನ ಮೇಲೆ ಕೂರಿಸುವ ಪಾರದರ್ಶಕ ಕ್ಯಾನೊಪಿಯಲ್ಲಿ ಉದ್ದಕ್ಕೂ ಬಿರುಕು ಇದೆ. ಎರಡು ಬಾಟಲಿ ಬಣ್ಣ ರಬ್ಬರಿನಂತೆ ಗಟ್ಟಿಯಾಗಿದೆ. ಎರಡು ಸಲ ಮೇಲ್ ಮಾಡಿದೆ. ಮೊದಲ ಸಲ, ಕವರ್ ಬಿಚ್ಚಿರುವ ಕಿಟ್ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಿರಿ. ಎರಡನೇ ಸಲ, ನಾನೇ ಸೂಪರ್ ಗ್ಲೂ ಹಾಕಿ ಹಾಳು ಮಾಡಿದ್ದೇನೆ ಎಂದಿರಿ.

ಎರಡನೆಯದು ನನಗೆ ತುಂಬಾ ಬೇಸರ ತಂದಿತು. ಸೂಪರ್ ಗ್ಲೂ ಆವಿ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರುತ್ತದೆ. ಬಿರುಕು ಬಿಡುವುದಿಲ್ಲ. ಅದಕ್ಕೇ ನಾನು ಕ್ಯಾನೊಪಿಗೆ ಯಾವಾಗಲೂ ಬಿಳಿ ಫೆವಿಕಾಲ್ ಬಳಸುತ್ತೇನೆ. ಈ ಸಲ ಅದನ್ನೂ ಹಚ್ಚಿಲ್ಲ. ಕ್ಯಾನೊಪಿಯನ್ನು ಇನ್ನೂ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿಯೇ ಇಲ್ಲ, ಫೋಟೋ ನೋಡಿ. ಉಳಿದ ಭಾಗಗಳ ಜೊತೆ ಅದನ್ನೂ ಒಂದೇ ಕವರ್‌ನಲ್ಲಿ ತುರುಕಿದ್ದರು. ಪಾರದರ್ಶಕ ಪ್ಲಾಸ್ಟಿಕ್ ಬೇಗ ಸೀಳುತ್ತದೆ, ಅದಕ್ಕೆ ಬೇರೆ ಕವರ್ ಬೇಕು.

ಕವರ್ ಬಿಚ್ಚದೆ ಇದೆಲ್ಲ ಗೊತ್ತಾಗುವುದು ಹೇಗೆ ಹೇಳಿ? ಕಿಟ್ ಅಂದರೆ ಬಿಚ್ಚಬೇಕು, ಸೋಪಿನ ನೀರಲ್ಲಿ ತೊಳೆಯಬೇಕು. ಅಚ್ಚಿನ ಎಣ್ಣೆ ಅಂಟಿಕೊಂಡಿದ್ದರೆ ಬಣ್ಣ ನಿಲ್ಲುವುದಿಲ್ಲ. ಆಮೇಲೆ ಭಾಗಗಳನ್ನು ಒಣಗಲಿಟ್ಟು, ಅಂಟು ಹಾಕದೆ ಜೋಡಿಸಿ ನೋಡಬೇಕು. ಬಲ ರೆಕ್ಕೆ ಸ್ವಲ್ಪ ಬಾಗಿತ್ತು. ಬಿಸಿ ನೀರಲ್ಲಿ ಅದ್ದಿ ನಾನೇ ನೇರ ಮಾಡಿಕೊಂಡೆ, ಅದಕ್ಕೆ ದೂರಿಲ್ಲ. ಸಂದುಗಳಿಗೆ ಪುಟ್ಟಿ ತುಂಬಿ, 400ರಿಂದ 1000ರವರೆಗಿನ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ, ಪ್ರೈಮರ್ ಹೊಡೆದೆ. ಬಣ್ಣ ಹಚ್ಚಲು ಹೋದಾಗ ಬಾಟಲಿ ಗಟ್ಟಿ. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರು ಹಾಕಿದರೂ ಮತ್ತೆ ಕರಗುವುದಿಲ್ಲ. ಹನ್ನೆರಡು ದಿನದ ಸಂಜೆಗಳ ಕೆಲಸ ಅಲ್ಲಿಗೇ ನಿಂತಿದೆ.

ಇದು ಸುಮ್ನೆ ಶೋಕೇಸಿಗೆ ಅಂತ ಕೊಂಡದ್ದಲ್ಲ. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು, ಮಾರುತ್ ಮೇಲೆ ಕೆಲಸ ಮಾಡಿದವರು. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಆ ವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು, ನಮ್ಮ ಊರಿನಲ್ಲೇ. ಅಪ್ಪನಿಗೆ ಈಗ ಕಣ್ಣು ಮಂಜು. ಕೈಯಲ್ಲಿ ಹಿಡಿದು, ಬೆರಳಿಂದ ಮುಟ್ಟಿ ನೋಡುತ್ತಾರೆ. ರೆಕ್ಕೆ ಮುಟ್ಟಿದ ಕೂಡಲೇ ಗುರುತು ಹಿಡಿದರು. ಕ್ಯಾನೊಪಿಯ ಜಾಗಕ್ಕೆ ಬೆರಳು ಹೋದಾಗ, "ಇದು ಯಾಕೋ ಖಾಲಿ?" ಎಂದು ಕೇಳಿದರು.

ನನಗೆ ದುಡ್ಡು ವಾಪಸ್ ಬೇಡ. ಒಳ್ಳೆಯ ಕ್ಯಾನೊಪಿ ಇರುವ ಚೌಕಟ್ಟು ಒಂದು, ಬಣ್ಣ ಎರಡು ಬಾಟಲಿ, ಅಷ್ಟೇ ಕಳಿಸಿ. ಕಿಟ್ ತಯಾರಕರಿಂದ ಬಿಡಿ ಭಾಗ ತರಿಸುವುದು ನಿಮಗೆ ಕಷ್ಟವಾದರೆ, ಪೂರ್ತಿ ಬೇರೆ ಕಿಟ್ ಕೊಡಿ. ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳಲ್ಲೇ ಅದಿದೆ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಜೊತೆಗೆ, ಪಾರದರ್ಶಕ ಭಾಗವನ್ನು ಬೇರೆ ಕವರ್‌ನಲ್ಲಿ ಹಾಕಿ ಕಳಿಸಲು ನಿಮ್ಮ ಗೋದಾಮಿನವರಿಗೆ ದಯವಿಟ್ಟು ಹೇಳಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್, ಕ್ಯಾನೊಪಿಯ ಮೂರು ಫೋಟೋ, ಬಣ್ಣದ ಬಾಟಲಿಗಳ ಒಂದು ಫೋಟೋ